ನೋಡ್ಕೋತೀನಿ

ಚೀಟಿಯ ಅಂಚಿಗೆ ಅರಿಶಿನದ ಬೆರಳಚ್ಚು,
ಪಕ್ಕದಲ್ಲಿ ಅಕ್ಕಲಕೋಟೆ ಠಾಣೆಯ ಮೊಹರು.
ಅಣ್ಣ ತಂಗಿಗೆ ಬರೆದದ್ದು ಒಂದೂವರೆ ಸಾಲು:
"ಉಂಡು ಮಲ್ಕೋ. ಅಂವನ್ನ ನಾ ನೋಡ್ಕೋತೀನಿ."
ಮರುದಿನ ಬೆಳಿಗ್ಗೆ ಅವನು, ಎಂದರೆ ತಂಗಿಯ ಗಂಡ,
ಬಾವಿಯಲ್ಲಿದ್ದ.

ಮುಂಬಯಿ ಹೈಕೋರ್ಟಿನ ಭಾಷಾಂತರ ಶಾಖೆಯಲ್ಲಿ
ಕನ್ನಡಕ್ಕೆ ನಾನೊಬ್ಬಳೇ.
ಗುಜರಾತಿಗೆ ನಾಲ್ವರು, ಮರಾಠಿಗೆ ಉದ್ದಕ್ಕೂ ಮೇಜು;
ನನ್ನದು ಕಿಟಕಿಯ ಬದಿ,
ರಾಜಾಬಾಯಿ ಗಡಿಯಾರ ಕಾಲು ಗಂಟೆಗೊಮ್ಮೆ
ನನ್ನ ವಾಕ್ಯವನ್ನು ತುಂಡರಿಸುವ ಜಾಗ.
ಕೆಳಗೆ ಓವಲ್ ಮೈದಾನದಲ್ಲಿ ಯಾರೋ ಒಬ್ಬ
ಔಟಾಗಿ, ಔಟಲ್ಲವೆಂದು ವಾದಿಸುತ್ತಿರುತ್ತಾನೆ.

ಜಗಳ ಬಹುಪಾಲು ಮಾತಿನದೇ ಎಂದು ಕಲಿಸಿದ್ದು ಈ ಮೇಜು.
ನನಗಿಂತ ಮೊದಲು ಇಲ್ಲಿ ಕೂತವರು ಯಾರೋ
ಪಾಲುಪತ್ರವೊಂದರ ಅಡುಗೆಮನೆ, ದೇವರಮನೆ, ಬಚ್ಚಲುಮನೆಗಳನ್ನು
ಇಂಗ್ಲಿಷಿನಲ್ಲಿ ಮೂರು ಮನೆ ಮಾಡಿಟ್ಟಿದ್ದರು.
ಇಲ್ಲದ ಮನೆಗಳಿಗಾಗಿ ಅಣ್ಣತಮ್ಮಂದಿರು
ಹತ್ತೊಂಬತ್ತು ವರ್ಷ ಸೊಲ್ಲಾಪುರದ ರಾತ್ರಿ ಗಾಡಿ ಹತ್ತಿದರು,
ಒಂದೇ ಡಬ್ಬಿ, ಬೇರೆ ಬೇರೆ ಕಿಟಕಿ.
ಎರಡನೆಯ ಅಪೀಲಿನಲ್ಲಿ ನಾನು ಎರಡು ಸಾಲು ತಿದ್ದಿ ಕಳಿಸಿದೆ.
ಇದರಲ್ಲಿ ಕಾನೂನಿನ ಪ್ರಶ್ನೆಯೇ ಇಲ್ಲವಲ್ಲ ಅಂದರಂತೆ ನ್ಯಾಯಮೂರ್ತಿ.
ಮುಗಿಯಿತು. ಅಷ್ಟರಲ್ಲಿ ಬಚ್ಚಲು ಕುಸಿದು ಹೋಗಿತ್ತು.

ಒಬ್ಬ ವರ್ತಕನ ಖಾತೆಪುಸ್ತಕದಲ್ಲಿ
ಒಂದು ಹಾಳೆಗೆ ಚುರುಮುರಿ, ಮರುಹಾಳೆಗೆ ಮಂಡಕ್ಕಿ.
ಹೆಸರು ಎರಡಾದರೆ ಸರಕೂ ಎರಡು, ಎಂದಿತು ತೆರಿಗೆ ಇಲಾಖೆ;
ಒಂದಕ್ಕೆ ವಿನಾಯಿತಿ, ಇನ್ನೊಂದಕ್ಕೆ ದಂಡ ಸೇರಿ ಹನ್ನೊಂದು ಲಕ್ಷ.
ಸಂತೆಯಲ್ಲಿ ಜನ ಏನೆಂದು ಕೇಳಿ ಕೊಳ್ಳುತ್ತಾರೋ ಅದೇ ಅರ್ಥ,
ಹಾಗಾದರೆ ಏನೆಂದು ಕೇಳುತ್ತಾರೆ, ಎಂದಿತು ಪೀಠ.
ಪ್ರಮಾಣ ಮಾಡಿ ಬರೆದುಕೊಟ್ಟೆ:
ಗಿರಾಕಿ ಯಾವ ಸೀಮೆಯವನೋ ಆ ಸೀಮೆಯ ಹೆಸರು; ಮೂಟೆ ಒಂದೇ.
ಆ ಸಂಜೆ ಫೌಂಟನ್ ಬಳಿ ನಿಂತು
ಎರಡು ಪೊಟ್ಟಣ ಭೇಳ್ ತಿಂದೆ, ಕೇಸು ನನ್ನದೇ ಎಂಬಂತೆ.

ಆದರೆ ಈ ಚೀಟಿ.
ಕೆಳಗಿನ ಕೋರ್ಟಿನಲ್ಲಿ ಅದು ಮರಾಠಿಯಾಗಿತ್ತು: "ಬಘೂನ್ ಘೇಯೀನ್."
ಅದಕ್ಕೆ ಅಲ್ಲಿ ಒಂದೇ ಮುಖ, ಹುಬ್ಬು ಗಂಟಿಕ್ಕಿದ್ದು.
ಆ ಮುಖದ ಬಲದ ಮೇಲೆ ಮಳಸಿದ್ಧ
ಯೆರವಡೆಯಲ್ಲಿ ಒಂಬತ್ತು ವರ್ಷ ಸತರಂಜಿ ನೇಯ್ದ.
ನಮ್ಮಲ್ಲಿ ಜ್ವರ ಬಂದ ಕೂಸನ್ನೂ ನೋಡ್ಕೋತೀವಿ,
ಬದು ಒತ್ತಿದವನನ್ನೂ ನೋಡ್ಕೋತೀವಿ.
ಎರಡನ್ನೂ ಬರೆದು ನಡುವೆ ಒಂದು ಓರೆಗೀಟು ಎಳೆದೆ.

ಕರೆ ಬಂತು.
"ಶ್ರೀಮತಿ ಹಂಜಗಿ, ಎರಡರಲ್ಲಿ ಯಾವುದು?"
ಸರ್ಕಾರಿ ವಕೀಲರು ನನ್ನ ತುಟಿಯನ್ನೇ ನೋಡುತ್ತಿದ್ದರು.
ದನಿ ಕೇಳಿದ್ದರೆ ಹೇಳುತ್ತಿದ್ದೆ, ಸ್ವಾಮಿ.
ಕಾಗದಕ್ಕೆ ದನಿಯಿಲ್ಲ.
ಇಬ್ಬರೂ ತಲೆ ಹತ್ತಿರ ತಂದು ಏನೋ ಪಿಸುಗುಟ್ಟಿದರು.

ಎರಡು ತಿಂಗಳಾದ ಮೇಲೆ, ನಲವತ್ತೊಂದು ಪುಟ.
ಬಾವಿಯ ಕಟ್ಟೆ ಮೊದಲೇ ಒಡೆದಿತ್ತು.
ಸತ್ತವನ ಹೊಟ್ಟೆಯಲ್ಲಿ ಸೆರೆಯಿತ್ತು.
ಕಂಡವರಿಲ್ಲ, ಕೂಗು ಕೇಳಿದವರಿಲ್ಲ.
ಹನ್ನೆರಡನೆಯ ಪುಟದಲ್ಲಿ ನನ್ನ ಓರೆಗೀಟು:
ಅರ್ಥ ಎರಡು ಹುಟ್ಟುವಲ್ಲಿ
ಆರೋಪಿಗೆ ಒಳಿತಾಗುವುದನ್ನೇ ಹಿಡಿಯತಕ್ಕದ್ದು.
ಸಂಶಯದ ಲಾಭ ಎನ್ನುತ್ತಾರೆ ಇದನ್ನು.
ಲಾಭ ಎಂದಮೇಲೆ ಎಲ್ಲೋ ಒಂದು ಖಾತೆಯಲ್ಲಿ
ನಷ್ಟವನ್ನೂ ಬರೆದಿರಬೇಕು; ಆ ಪುಟ
ಭಾಷಾಂತರಕ್ಕೆ ನನ್ನ ಮೇಜಿಗೆ ಬಂದಿಲ್ಲ.

ಬೌರವ್ವ ಸುರುಳಿ ಮೆಟ್ಟಿಲ ಬುಡದಲ್ಲಿ ಕೂತಿದ್ದಳು,
ಬೆಳಿಗ್ಗೆಯಿಂದ, ಬುತ್ತಿ ಬಿಚ್ಚದೆ.
ಕನ್ನಡ ಕೇಳಿ ಎದ್ದಳು.
ಬಿಟ್ಟರಮ್ಮ, ಅಂದೆ.
ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿ
"ಹೂಂ," ಅಂದಳು. "ಮನಿಗಿ ಬರ್ತಾನ.
ಇನ್ನ ನಮ್ಮನ್ನ ಅಂವ ನೋಡ್ಕೋತಾನ್ರಿ."

ಈ ಸಲ ದನಿಯೂ ಇತ್ತು.
ಡೊಂಬಿವಲಿ ಬರುವವರೆಗೆ ಬಾಗಿಲ ಸರಳು ಹಿಡಿದು
ಅದನ್ನೇ ಕೇಳುತ್ತ ನಿಂತಿದ್ದೆ.